ಹಸಿರು ದಾರದ ಆಷಾಢ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಹೊರಗೆ ಬಂದರೆ ಈಗ ಎದುರಿಗೇ ಒಂದು ದೊಡ್ಡ ಬೋರ್ಡು. ಹೋದ ವಾರ ಮಾಮೂಲ್‌ಪೇಟೆಯಿಂದ ಮಣಿ ಮತ್ತು ಕುಚ್ಚಿನ ನೂಲು ತರಲು ಹೋದಾಗ ನೋಡಿದೆ. ಆಷಾಢದ ಗಾಳಿ ಬೀಸುತ್ತಿತ್ತು, ಬರಲೋ ಬೇಡವೋ ಎಂದು ಮಳೆ ಹನಿಯುತ್ತಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ‘ಹಸಿರು ದಾರ ನೋಡಿ, ಕಣ್ಣು ಮುಚ್ಚಿ ಕೊಳ್ಳಿ’ ಎಂದಿತ್ತು. ಅದರ ಕೆಳಗೆ ಮಡಿಸಿಟ್ಟ ರೇಷ್ಮೆ ಸೀರೆಯ ಚಿತ್ರ, ಸೀರೆಯ ಮೂಲೆಗೆ ಒಂದು ಹಸಿರು ದಾರದ ಗಂಟು. ಗಂಟು ಹಾಕಿದವರು ಬಲಗೈಯವರು. ಇಷ್ಟು ದೊಡ್ಡದಾಗಿ ಬರೆಸುವವರು ಗಂಟನ್ನಾದರೂ ಸರಿಯಾಗಿ ಹಾಕಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಮೂವತ್ತೆರಡು ವರ್ಷ ಆ ದಾರ ನನ್ನದಾಗಿತ್ತು. ನಾನು ಎಡಚ.

ಸುತ್ತಲಿನವರು ನನ್ನನ್ನು ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು. ನಾನು ಅಲ್ಲೇ ನಿಂತೆ. ಚಿಕ್ಕಪೇಟೆಯ ಗದ್ದಲದ ನಡುವೆ, ಯಾಕೋ ಏನೋ, ವೆನಿಲ್ಲಾ ಹಾಕಿದ ಟೀಯ ವಾಸನೆ ಮೂಗಿಗೆ ಬಂದಂತಾಯಿತು. ಆ ಟೀ ನಾನು ಕುಡಿದದ್ದು ಜೀವನದಲ್ಲಿ ಒಂದೇ ಸಲ, ಮೂರು ವರ್ಷದ ಹಿಂದಿನ ಆಷಾಢದಲ್ಲಿ, ಮಾರಿಷಸ್ ದ್ವೀಪದ ಸಮುದ್ರದ ದಂಡೆಯಲ್ಲಿ, ನಲವತ್ತೆರಡು ಕಿಲೋಮೀಟರ್ ಓಡಿ ಮುಗಿಸಿದ ಮೇಲೆ.

ದಾರದ ವಿಷಯ ಮೊದಲು ಹೇಳಬೇಕು. ನಾನು ಕೆಲಸಕ್ಕಿದ್ದದ್ದು ಚಿಕ್ಕಪೇಟೆಯ ಒಂದು ಸಗಟು ಸೀರೆ ಅಂಗಡಿಯಲ್ಲಿ. ಮಾರುವುದು ನನ್ನ ಕೆಲಸವಲ್ಲ, ಆರಿಸುವುದು. ನೇಕಾರರು ಗಂಟು ಕಟ್ಟಿಕೊಂಡು ಬರುತ್ತಿದ್ದರು. ಬಿಳಿ ಹಾಸಿನ ಮೇಲೆ ಕುಳಿತು ನಾವು ಒಂದೊಂದೇ ಸೀರೆ ಬಿಚ್ಚಿ, ತಿರುವಿ, ಅಂಚು ಸವರಿ, ಇದು ಕೈಮಗ್ಗದ್ದು, ಜರಿ ಸರಿಯಾಗಿದೆ ಎಂದು ಖಾತ್ರಿಯಾದರೆ ಒಳಸೆರಗಿನ ಮೂಲೆಗೆ ನಮ್ಮ ನಮ್ಮ ಬಣ್ಣದ ದಾರ ಕಟ್ಟುತ್ತಿದ್ದೆವು. ದೊಡ್ಡ ಯಜಮಾನರದು ಕೆಂಪು. ಇನ್ನೊಬ್ಬರದು ಹಳದಿ. ನನ್ನದು ಹಸಿರು. ಸೀರೆಯಲ್ಲಿ ಐಬು ಬಂದರೆ ದಾರ ನೋಡಿ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತಿತ್ತು. ದಾರ ಕಟ್ಟುವುದೆಂದರೆ ಮಾತು ಕೊಡುವುದು, ಅಷ್ಟೆ. ಹಳದಿಯವರು ಕೆಲಸ ಬಿಟ್ಟರು, ಕೆಂಪಿನವರು ತೀರಿಹೋದರು. ಕೊನೆಗೆ ಹಸಿರೊಂದೇ ಉಳಿಯಿತು. ದೂರದ ಊರುಗಳ ಅಂಗಡಿಯವರು ಫೋನಿನಲ್ಲೇ ‘ಹಸಿರು ದಾರದ್ದು ಕಳಿಸಿ’ ಎನ್ನುವ ಮಟ್ಟಕ್ಕೆ ಬಂದಿತ್ತು. ನನಗೆ ಅದರಿಂದ ಸ್ವಲ್ಪ ಜಂಬವೂ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ದಾರದ ಉಂಡೆಯನ್ನು ಅಂಗಡಿಯಲ್ಲಿ ಬಿಟ್ಟು ಬಂದವನೇ ಅಲ್ಲ. ಸಂಜೆ ಅಂಗಿ ಜೇಬಿಗೆ ಹಾಕಿಕೊಂಡು ಚಾಮರಾಜಪೇಟೆಯ ಮನೆಗೆ ಬಂದು, ಕನ್ನಡಕದ ಪಕ್ಕ ಇಡುತ್ತಿದ್ದೆ.

ದೊಡ್ಡ ಯಜಮಾನರ ಮಗ ನಾಗರಾಜ. ನಾನು ಕೆಲಸಕ್ಕೆ ಸೇರಿದಾಗ ಅವನಿಗೆ ಆರು ವರ್ಷ. ಸ್ಕೂಲಿನಿಂದ ನೇರ ಅಂಗಡಿಗೆ ಬಂದು ಸೀರೆ ಗಂಟುಗಳ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ, ಬಸವನಗುಡಿಯ ಅವರ ಮನೆಗೆ ಬಿಟ್ಟು ಬಂದದ್ದು ಎಷ್ಟು ಸಲವೋ. ತಂದೆ ಹೋದ ಮೇಲೆ ಅವನೇ ಯಜಮಾನನಾದ. ಅಂದಿನಿಂದ ಅಂಗಡಿಯಲ್ಲಿ ನಾನು ಅವನಿಗೆ ನೀವು, ತಾವು. ಅವನೂ ‘ನೋಡಿ ಸೀನಣ್ಣ, ಬನ್ನಿ ಸೀನಣ್ಣ’ ಎನ್ನುತ್ತಿದ್ದ. ಆದರೆ ಬೆಳಿಗ್ಗೆ ಆರು ಗಂಟೆಗೆ ಲಾಲ್‌ಬಾಗಿನಲ್ಲಿ ಅವನು ಬರೀ ನಾಗ. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ‘ಮಾತ್ರೆ ಆಮೇಲೆ ನುಂಗೋಣ, ಮೊದ್ಲು ಷೂ ಹಾಕ್ಕೊ’ ಎಂದು ಎಳೆದುಕೊಂಡು ಹೋದವನೇ ಅವನು. ಮೊದಲ ದಿನ ಪಶ್ಚಿಮ ದ್ವಾರದಿಂದ ಕೆರೆಯವರೆಗೆ ಓಡುವಷ್ಟರಲ್ಲಿ ನನ್ನ ಉಸಿರು ನನ್ನ ಕೈಗೆ ಸಿಗಲಿಲ್ಲ. ಐವತ್ತೆರಡು ವರ್ಷದವನ, ಚಕ್ಕಳಮಕ್ಕಳ ಹಾಕಿ ಕುಳಿತೇ ಅಭ್ಯಾಸವಾದ ಕಾಲುಗಳು ಅವು.

ಲಾಲ್‌ಬಾಗಿನಲ್ಲಿ ನಮ್ಮದು ಐದು ಜನರ ಗುಂಪು. ಗುಂಪಿಗೆ ಒಂದೇ ಕಟ್ಟಳೆ. ಓಟ ಮುಗಿಸಿ ಗಾಂಧಿ ಬಜಾರಿನ ದರ್ಶಿನಿಗೆ ಬಂದಾಗ, ಕೊನೆಯವನು ಬರುವವರೆಗೆ ಯಾರೂ ಕಾಫಿ ಲೋಟ ಮುಟ್ಟುವ ಹಾಗಿಲ್ಲ. ಕೊನೆಯವನು ಯಾವತ್ತೂ ನಾನೇ. ಮಿಕ್ಕವರಿಗೆ ಆಫೀಸಿನ ಅವಸರ ಇರುತ್ತಿತ್ತು, ಕೆಲವರು ಗೊಣಗುತ್ತಿದ್ದರು. ನಾಗರಾಜ ಮಾತ್ರ ಲೋಟಗಳ ಮುಂದೆ ಪೊಲೀಸನ ಹಾಗೆ ನಿಂತಿರುತ್ತಿದ್ದ. ‘ಸೀನಣ್ಣ ಬರ್ಲಿ. ಆರಿದ್ರೆ ಆರ್‌ಲಿ, ಇನ್ನೊಂದು ಕಾಫಿ ಹೇಳೋಣ’ ಎನ್ನುತ್ತಿದ್ದ. ಬೆವರು ಸುರಿಸುತ್ತಾ ರಸ್ತೆ ತಿರುವಿನಲ್ಲಿ ಬಂದಾಗ ಅವನ ಎತ್ತಿದ ಕೈ ಕಾಣಿಸುತ್ತಿತ್ತು. ಅವನನ್ನು ನಾನು ನಂಬಿದ್ದು ಆ ಕೈ ನೋಡಿ.

ಆ ವರ್ಷ ಯುಗಾದಿಯ ವಾರ ಅವನು ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಮೊಬೈಲಿನಲ್ಲಿ ಏನೋ ತುಂಬುತ್ತಿದ್ದ.

“ಸೀನಣ್ಣ, ನಿನ್ನ ಹುಟ್ಟಿದ ತಾರೀಕು ಹೇಳು.”

“ಯಾಕೋ, ನಂಗೆ ಹೆಣ್ಣು ನೋಡ್ತಿದೀಯಾ?”

“ಮ್ಯಾರಥಾನು. ಜುಲೈನಲ್ಲಿ, ಮಾರಿಷಸ್ಸಲ್ಲಿ. ಅದೇ ವಾರ ಅಲ್ಲಿ ನಮ್ಮ ಕಡೆ ಬಟ್ಟೆಗಳ ಎಕ್ಸಿಬಿಷನ್ನೂ ಇದೆ. ನಾಲ್ಕು ದಿನ ಸೀರೆ ಮಾರೋದು, ಐದನೇ ದಿನ ಓಡೋದು. ಇಬ್ರೂ ಹೋಗೋಣ. ಕೈ ಹಿಡ್ಕೊಂಡೇ ಗೆರೆ ದಾಟೋಣ.”

ನಾನು ನಕ್ಕುಬಿಟ್ಟೆ. ವಿಮಾನವನ್ನು ನೆಲದಿಂದ ಮಾತ್ರ ನೋಡಿದವನು ನಾನು. ಆದರೆ ಅಂದಿನಿಂದ ಬೇರೊಂದು ಯೋಚನೆ ತಲೆಗೆ ಹತ್ತಲಿಲ್ಲ. ಮೂರು ತಿಂಗಳು ಹುಚ್ಚನ ಹಾಗೆ ಓಡಿದೆ. ಭಾನುವಾರಗಳಲ್ಲಿ ಚಾಮರಾಜಪೇಟೆಯಿಂದ ಹೊರಟು, ಮಲ್ಲೇಶ್ವರದ ಏರು ಹತ್ತಿ, ಸ್ಯಾಂಕಿ ಕೆರೆ ಸುತ್ತಿ ವಾಪಸ್ಸು ಬರುತ್ತಿದ್ದೆವು. ನಾಗರಾಜ ನನ್ನ ಪಕ್ಕದಲ್ಲೇ, ನನ್ನ ನಿಧಾನಕ್ಕೆ ಹೊಂದಿಕೊಂಡು ಓಡುತ್ತಿದ್ದ. ನನ್ನ ಹೆಂಡತಿ ಗಿರಿಜಾ, ಈ ವಯಸ್ಸಿನಲ್ಲಿ ಇದೇನು ಹುಡುಗಾಟ ಎಂದು ಬೈಯುತ್ತಲೇ ರಾಗಿ ಗಂಜಿಯ ಬಾಟಲಿ ತುಂಬಿಸಿ ಕೊಡುತ್ತಿದ್ದಳು.

ಹೊರಡಲು ವಾರ ಇರುವಾಗ ನಾಗರಾಜ ಅಂಗಡಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದ. ಆಷಾಢವೆಂದರೆ ಮದುವೆಗಳಿಲ್ಲ, ಚಿಲ್ಲರೆ ಅಂಗಡಿಯವರಿಗೆ ನಿದ್ದೆ. ಸಗಟಿನವರಿಗೆ ಮಾತ್ರ ಅದೇ ಕೆಲಸದ ತಿಂಗಳು. ಮುಂದೆ ಶ್ರಾವಣ, ವರಮಹಾಲಕ್ಷ್ಮಿ ಹಬ್ಬ. ಮಾಲು ಬಂದು ಬೀಳುವುದು ಆಗಲೇ.

“ಸೀನಣ್ಣ, ನಾನು ಬರೋಕಾಗಲ್ಲ. ಇಬ್ರೂ ಹೋದ್ರೆ ಅಂಗಡಿ ಯಾರು ನೋಡ್ತಾರೆ? ನೀವು ಹೋಗ್ಬನ್ನಿ. ಓಡೋದು ಮಾತ್ರ ಬಿಡ್ಬೇಡಿ, ನನ್ನ ಪಾಲಿಂದೂ ನೀವೇ ಓಡಿ.”

ನನ್ನ ಮುಖ ಸಪ್ಪಗಾಯಿತು. ನಾನೇ ಉಳಿಯುತ್ತೇನೆ ಎಂದೆ. ಅವನು ಕೇಳಲಿಲ್ಲ. ಹೊರಡುವ ಹಿಂದಿನ ದಿನ ಸಂಜೆ ಮತ್ತೆ ಬಂದು ಹೇಳಿದ: “ನೀವು ಆರಿಸಿಟ್ಟಿರೋ ಇಪ್ಪತ್ತು ಸೀರೆಗೆ ಇನ್ನೂ ದಾರ ಕಟ್ಟಿಲ್ಲ. ಉಂಡೆ ಕೊಟ್ಟು ಹೋಗಿ, ನಾನೇ ಕಟ್ತೀನಿ.”

ಕೊಟ್ಟೆ. ಒಂದು ಕ್ಷಣವೂ ಯೋಚಿಸಲಿಲ್ಲ. ಮನೆಗೆ ಬಂದಾಗ ಕನ್ನಡಕದ ಪಕ್ಕ ಉಂಡೆ ಇಲ್ಲದ್ದನ್ನು ಮೊದಲು ಗಮನಿಸಿದವಳು ಗಿರಿಜಾ.

“ದಾರ ಎಲ್ರೀ?”

“ನಾಗನ ಹತ್ರ ಇದೆ.”

“ಕೈ ಕೊಟ್ಟು ಬಂದ ಹಾಗಾಯ್ತಲ್ರೀ,” ಎಂದಳು. ಅವಳ ಮಾತಿಗೆ ನಾನು ರೇಗಿದೆ. ನನ್ನ ಹೆಗಲ ಮೇಲೆ ಮಲಗಿ ಮನೆಗೆ ಹೋದವನು ಅವನು, ಅವನನ್ನೂ ನಂಬದಿದ್ದರೆ ಇನ್ನಾರನ್ನು ನಂಬಲಿ ಎಂದು ದೊಡ್ಡ ಭಾಷಣ ಮಾಡಿದೆ. ಆ ಭಾಷಣ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಾರಿಷಸ್ಸಿನಲ್ಲಿ ಜುಲೈ ಎಂದರೆ ಚಳಿಗಾಲವಂತೆ. ಚಳಿ ಅಂದರೆ ನಮ್ಮ ಬೆಂಗಳೂರಿನ ಆಷಾಢದಷ್ಟೇ, ಗಾಳಿ ಮಾತ್ರ ಜಾಸ್ತಿ. ಸಮುದ್ರದ ಮೇಲಿಂದ ಬಿಡದೆ ಬೀಸುವ ಗಾಳಿ. ಎಲ್ಲಿ ನೋಡಿದರೂ ಕಬ್ಬು, ಅದೂ ಕಟಾವಿನ ಕಾಲ, ಊರಿಗೆ ಊರೇ ಸಿಹಿ ವಾಸನೆ. ಪ್ರದರ್ಶನ ನಡೆಯುತ್ತಿದ್ದದ್ದು ಒಂದು ಮದುವೆ ಛತ್ರದಲ್ಲಿ. ನಾನು ನಲವತ್ತು ಸೀರೆ ಒಯ್ದಿದ್ದೆ. ಎಲ್ಲವೂ ನನ್ನ ಕೈಯಿಂದಲೇ ದಾರ ಕಟ್ಟಿಸಿಕೊಂಡವು. ಎರಡನೆಯ ಗಂಟು ಹಿಂದಿನಿಂದ ಬರುತ್ತದೆ ಎಂದು ನಾಗರಾಜ ಹೇಳಿದ್ದ.

ಮೊದಲ ದಿನವೇ ಬಂದವರು ಸುಭದ್ರಮ್ಮ. ಅಲ್ಲಿಯ ಶಾಲೆಯೊಂದರಲ್ಲಿ ಟೀಚರಾಗಿದ್ದು ನಿವೃತ್ತರಾದವರು. ನಾಲ್ಕೈದು ತಲೆಮಾರಿನ ಹಿಂದೆ ಅವರ ಹಿರಿಯರು ಆಂಧ್ರದಿಂದ ಕಬ್ಬಿನ ಗದ್ದೆಯ ಕೂಲಿಗೆ ಹೋದವರು. ಮನೆಯೊಳಗೆ ಇನ್ನೂ ಹಳೆಯ ತೆಲುಗು ಉಳಿಸಿಕೊಂಡಿದ್ದರು. ಚಿಕ್ಕಪೇಟೆಯಲ್ಲಿ ಬದುಕಿದವನಿಗೆ ತೆಲುಗು ಬಾರದೇ ಇರುತ್ತದೆಯೇ? ನನ್ನ ಬಾಯಿಂದ ತೆಲುಗು ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಮಗಳು ಅನಿತಾಳ ಮದುವೆ ಹತ್ತು ದಿನಕ್ಕಿತ್ತು, ಶ್ರಾವಣ ಹುಟ್ಟಿದ ಕೂಡಲೇ. ಅವರ ಮನೆತನದಲ್ಲಿ ಧಾರೆಗೆ ಕೈಮಗ್ಗದ ಸೀರೆಯೇ ಆಗಬೇಕು, ಅಜ್ಜಿಯ ಕಾಲದಿಂದ ಹಾಗೆ ನಡೆದುಬಂದಿದೆ ಎಂದರು.

“ಈ ದಾರ ಏನಣ್ಣಾ?” ಎಂದು ಕೇಳಿದರು.

ದಾರದ ಕಥೆ ಹೇಳಿದೆ. ಮೇಷ್ಟ್ರಿಗೇ ಪಾಠ ಮಾಡುವ ಅವಕಾಶ ಸಿಕ್ಕರೆ ಬಿಡುವುದುಂಟೇ? ಕೈಮಗ್ಗವನ್ನು ಗುರುತಿಸುವುದು ಹೇಗೆ ಎಂದೂ ತೋರಿಸಿದೆ. ನೇಯುವಾಗ ಬಟ್ಟೆ ಬಿಗಿಯಾಗಿರಲೆಂದು ನೇಕಾರ ಮುಳ್ಳಿರುವ ಕಡ್ಡಿಯೊಂದನ್ನು ಅಂಚಿಗೆ ಸಿಕ್ಕಿಸಿ, ನೇಯುತ್ತಾ ಹೋದಂತೆ ಕೈಯಿಂದಲೇ ಮುಂದೆ ಸರಿಸುತ್ತಾನೆ. ಅಂಚಿನ ಉದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಉಳಿಯುತ್ತವೆ. ಕೈಯಿಂದ ಸರಿಸಿದ್ದರಿಂದ ಒಂದಿಷ್ಟು ಹತ್ತಿರ, ಒಂದಿಷ್ಟು ದೂರ. ಪವರ್‌ಲೂಮಿನ ಅಂಚಿನಲ್ಲಿ ಹೀಗೆ ಬೆರಳಿಗೆ ತಡೆಯುವ ಏರುಪೇರು ಇರುವುದಿಲ್ಲ, ನುಣ್ಣಗಿರುತ್ತದೆ. ಅವರ ಬೆರಳು ಹಿಡಿದು ಅಂಚಿನ ಮೇಲೆ ಆಡಿಸಿ, “ಕಣ್ಣು ಮುಚ್ಚಿಕೊಂಡು ಸವರಿ, ತಿಳಿಯುತ್ತೆ” ಎಂದೆ. ಸವರಿದರು, ತಿಳಿದು ನಕ್ಕರು. ಶನಿವಾರ ಮಗಳನ್ನೇ ಕರೆದುಕೊಂಡು ಬರುತ್ತೇನೆ ಎಂದು ಹೋದರು.

ನಲವತ್ತು ಸೀರೆಯೂ ಎರಡೇ ದಿನದಲ್ಲಿ ಖಾಲಿಯಾದವು. ಶನಿವಾರ ಬೆಳಿಗ್ಗೆ ನಾಗರಾಜನ ಗಂಟು ಬಂತು. ಬಿಚ್ಚುವಷ್ಟರಲ್ಲಿ ಮೇಜಿನ ಸುತ್ತ ಹೆಂಗಸರು. ಮೇಲಿನ ಸೀರೆಯ ಮೂಲೆಯಲ್ಲಿ ಹಸಿರು ದಾರ ಕಂಡಿತು, ಅದರ ಕೆಳಗಿನದರಲ್ಲೂ ಕಂಡಿತು. ನನಗೆ ಅಷ್ಟೇ ಸಾಕಾಯಿತು. ಸುಭದ್ರಮ್ಮ ಮಗಳೊಡನೆ ಬಂದರು. ಅನಿತಾ ಅರಿಶಿನ ಬಣ್ಣದ, ಕೆಂಪು ಅಂಚಿನ ಒಂದು ಸೀರೆ ಹೆಗಲ ಮೇಲೆ ಹಾಕಿಕೊಂಡಳು. ಛತ್ರದ ಮಂದ ಬೆಳಕಿನಲ್ಲೂ ಅವಳ ಮುಖ ಬೆಳಗಿತು. ಸುಭದ್ರಮ್ಮ ಅಂಚಿಗೆ ಕೈ ಹಾಕಲು ಹೋದರು. ನಾನು ನಕ್ಕು, “ದಾರ ಇದೆಯಲ್ಲಮ್ಮ, ಇನ್ನು ನೋಡೋದೇನಿದೆ?” ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅನಿತಾಳಿಗೊಂದು, ಬೀಗಿತ್ತಿಗೊಂದು, ತಮಗೊಂದು ಎಂದು ಮೂರು ಸೀರೆ ತೆಗೆದುಕೊಂಡು, ಮರುದಿನದ ಓಟ ಎಲ್ಲಿ ಮುಗಿಯುತ್ತದೆ ಎಂದು ನನ್ನಿಂದ ಕೇಳಿ ತಿಳಿದುಕೊಂಡು ಹೋದರು.

ಮಧ್ಯಾಹ್ನ ಜನ ಕಡಿಮೆಯಾದಾಗ ಚದುರಿದ ಸೀರೆಗಳನ್ನು ಮಡಿಸುತ್ತಾ ಕುಳಿತೆ. ಅಭ್ಯಾಸಬಲ, ಹೆಬ್ಬೆರಳು ತಾನಾಗಿ ಅಂಚಿನ ಮೇಲೆ ಹರಿಯಿತು. ಏನೂ ಸಿಗಲಿಲ್ಲ. ನುಣ್ಣಗಿತ್ತು. ಇನ್ನೊಂದನ್ನು ಎತ್ತಿಕೊಂಡೆ, ಅದೂ ನುಣುಪು. ಕನ್ನಡಕ ಸರಿ ಮಾಡಿಕೊಂಡು ಗಂಟುಗಳನ್ನು ನೋಡಿದೆ. ಎಡಗೈಯಿಂದ ಹಾಕಿದ ನನ್ನ ಗಂಟಿನ ಬಾಲ ಒಂದು ಕಡೆಗೆ ಬೀಳುತ್ತದೆ, ಇವುಗಳ ಬಾಲ ಇನ್ನೊಂದು ಕಡೆಗೆ ಬಿದ್ದಿತ್ತು. ಒಂದಲ್ಲ, ಎರಡಲ್ಲ, ಆ ಗಂಟಿನಲ್ಲಿದ್ದ ಎಲ್ಲ ಸೀರೆಗಳದೂ.

ನಾಗರಾಜನಿಗೆ ಫೋನು ಹಚ್ಚಿದೆ. ಅವನು ಗಾಬರಿಯಾಗುತ್ತಾನೆ, ಯಾರೋ ಅವನಿಗೂ ಟೋಪಿ ಹಾಕಿದ್ದಾರೆ ಎಂದುಕೊಂಡಿದ್ದೆ.

“ಗೊತ್ತಾಯ್ತಾ?” ಎಂದ. ಅವನ ದನಿಯಲ್ಲಿ ಒಂಚೂರೂ ಗಾಬರಿ ಇರಲಿಲ್ಲ. “ಸೀನಣ್ಣ, ಅಷ್ಟು ಕೈಮಗ್ಗದ ಮಾಲು ಎಲ್ಲಿಂದ ತರ್ಲಿ ಹೇಳಿ? ಮಗ್ಗ ಬಿಚ್ಚಿಟ್ಟು ನೇಕಾರರೆಲ್ಲ ಬೇರೆ ಕೆಲಸಕ್ಕೆ ಹೋಗ್ತಿದಾರೆ. ಹಬ್ಬಕ್ಕೆ ಎಲ್ರೂ ಹಸಿರು ದಾರದ್ದೇ ಕೇಳ್ತಾರೆ. ರೇಷ್ಮೆ ಅಂತೂ ರೇಷ್ಮೇನೇ. ನಾನು ಬಾಯಿಬಿಟ್ಟು ಕೈಮಗ್ಗ ಅಂತ ಯಾರಿಗೂ ಹೇಳಿಲ್ಲ. ದಾರ ಕಟ್ದೆ, ಅಷ್ಟೆ.”

“ಆ ದಾರ ನಂದು ಕಣೋ.”

“ದಾರ ಅಂಗಡೀದು, ಸೀನಣ್ಣ. ಉಂಡೆ ನೀವೇ ಕೊಟ್ಟು ಹೋದ್ರಲ್ಲ.”

ಅವನೇ ಮೆತ್ತಗೆ ಮುಂದುವರಿಸಿದ: “ಈಗ ತಲೆ ಕೆಡಿಸ್ಕೋಬೇಡಿ. ನಾಳೆ ಚೆನ್ನಾಗಿ ಓಡಿ. ಮೊದಲ ಹತ್ತು ಕಿಲೋಮೀಟರು ನಿಧಾನ ಇರ್ಲಿ. ಬಂದ ಮೇಲೆ ಗಾಂಧಿ ಬಜಾರಲ್ಲಿ ಕಾಫಿ. ಕಾಯ್ತಿರ್ತೀವಿ.”

ಉಳಿದ ಸೀರೆಗಳನ್ನೆಲ್ಲ ಮತ್ತೆ ಗಂಟು ಕಟ್ಟಿದೆ. ಬಂದವರಿಗೆ ಮುಗಿಯಿತು ಎಂದೆ. ಬಿಲ್ಲಿನ ಮೇಲೆ ಸುಭದ್ರಮ್ಮನ ನಂಬರಿತ್ತು. ಸಂಜೆಯವರೆಗೆ ಅದನ್ನೇ ನೋಡುತ್ತಾ ಕುಳಿತೆ. ಏನೆಂದು ಹೇಳಲಿ? ನಾನು ಮಾತು ಕೊಟ್ಟ ಸೀರೆ ಅದಲ್ಲ, ನನ್ನ ಕಣ್ಣೆದುರೇ ನೀವು ಅಂಚು ಮುಟ್ಟಲು ಬಂದಾಗ ಬೇಡವೆಂದವನೂ ನಾನೇ ಎನ್ನಲೇ? ನಾಳೆ ಓಟ ಮುಗಿಸಿ ನೇರ ಅವರ ಮನೆಗೇ ಹೋಗಿ ಹೇಳುತ್ತೇನೆ ಎಂದು ತೀರ್ಮಾನಿಸಿ ಮಲಗಿದೆ.

ಬೆಳಗಿನ ಜಾವ ಸಮುದ್ರದ ದಂಡೆಯಲ್ಲಿ ಓಟ ಶುರುವಾಯಿತು. ಸಾವಿರಾರು ಜನ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ನೂರು ಜನರಿದ್ದೆವು, ಅರ್ಧಕ್ಕರ್ಧ ಬಿಳಿಯರು. ಎಡಕ್ಕೆ ಹವಳದ ಬಂಡೆಗಳಾಚೆ ಮೊರೆಯುವ ಸಮುದ್ರ, ಬಲಕ್ಕೆ ನೆಟ್ಟಗೆ ನಿಂತ ಒಂದು ಕಪ್ಪು ಬೆಟ್ಟ, ಬೆಟ್ಟದಡಿಯಲ್ಲಿ ಕಬ್ಬು. ಯಾವತ್ತೂ ಪಕ್ಕದಲ್ಲಿ ಓಡುತ್ತಿದ್ದವನು ಅವತ್ತು ಇರಲಿಲ್ಲ. ಇದ್ದಿದ್ದರೆ ಅವನ ಕತ್ತಿನ ಪಟ್ಟಿ ಹಿಡಿಯುತ್ತಿದ್ದೆನೋ ಏನೋ. ಆ ಸಿಟ್ಟಿನಲ್ಲೇ ಮೊದಲ ಹತ್ತು ಕಿಲೋಮೀಟರ್ ಅವನು ಹೇಳಿದ್ದಕ್ಕೆ ತದ್ವಿರುದ್ಧವಾಗಿ ಜೋರಾಗಿ ಓಡಿದೆ. ಅದರ ಫಲವನ್ನು ಆಮೇಲೆ ಉಂಡೆ.

ಹಳ್ಳಿಗಳ ಜನ ಜಗುಲಿಗೆ ಬಂದು ಚಪ್ಪಾಳೆ ತಟ್ಟಿ ‘ಆಲೇ, ಆಲೇ’ ಎಂದು ಕೂಗುತ್ತಿದ್ದರು. ಓಡು ಓಡು ಎಂದರ್ಥವಂತೆ. ಒಬ್ಬ ಮುದುಕಿ ಕಿತ್ತಳೆ ಹೋಳಿಗೆ ಉಪ್ಪು ಸವರಿ ಕೈಗಿಟ್ಟಳು. ಇಪ್ಪತ್ತೆಂಟನೇ ಕಿಲೋಮೀಟರಿನ ಹತ್ತಿರ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ರಸ್ತೆ ಬದಿಯ ಸರ್ವೆ ಮರದ ಬುಡದಲ್ಲಿ ಕುಳಿತುಬಿಟ್ಟೆ. ಸೊಂಟದ ಚೀಲದಲ್ಲಿ ಫೋನಿತ್ತು, ಫೋನಿನಲ್ಲಿ ಸುಭದ್ರಮ್ಮನ ನಂಬರಿತ್ತು. ಹೊರಗೆ ತೆಗೆದೆ. ಉಸಿರಿಲ್ಲದ ದನಿಯಲ್ಲಿ ಹೇಳುವ ಮಾತಲ್ಲ ಅದು ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಒಳಗಿಟ್ಟೆ. ಮೂವತ್ತೆರಡು ವರ್ಷದಲ್ಲಿ ಕಟ್ಟಿದ ಗಂಟುಗಳೆಲ್ಲ ನೆನಪಾದವು. ದೊಡ್ಡ ಯಜಮಾನರು ಮೊದಲ ದಿನ ಹಸಿರು ಉಂಡೆಯನ್ನು ನನ್ನ ಅಂಗೈಗಿಟ್ಟು, ‘ಇದು ನಿನ್ನ ನಾಲಿಗೆ ಕಣಯ್ಯ’ ಎಂದಿದ್ದರು. ಆ ನಾಲಿಗೆಯನ್ನು ಅವರ ಮಗನೇ ಕಿತ್ತುಕೊಂಡಿದ್ದ. ಅಲ್ಲಿ, ಪರದೇಶದ ರಸ್ತೆಯಲ್ಲಿ, ಎದುರು ಗಾಳಿಗೆ ಮುಖ ಕೊಟ್ಟು ಅತ್ತೆ. ಅಳುತ್ತಲೇ ಎದ್ದು ಕುಂಟಿಕೊಂಡು ಹೊರಟೆ.

ಆರೂವರೆ ಗಂಟೆ ಹಿಡಿಯಿತು. ನಾನು ಗೆರೆ ದಾಟುವಾಗ ಅಲ್ಲಿ ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಯಾರೋ ಕೊರಳಿಗೆ ಪದಕ ಹಾಕಿದರು. ತಲೆ ಎತ್ತಿ ನೋಡಿದರೆ ಹಗ್ಗದಾಚೆ ಸುಭದ್ರಮ್ಮ ಮತ್ತು ಅನಿತಾ ನಿಂತಿದ್ದರು. ಮೂರು ತಾಸಿನಿಂದ ಕಾಯುತ್ತಿದ್ದರಂತೆ. ಹುಲ್ಲಿನ ಮೇಲೆ ನನ್ನನ್ನು ಕೂರಿಸಿ, ಡಬ್ಬಿ ಬಿಚ್ಚಿ, ಹುಣಸೆ ಹುಳಿಯ ಅನ್ನ ಕೊಟ್ಟರು. ಥೇಟ್ ನಮ್ಮ ಪುಳಿಯೋಗರೆ. ಅನಿತಾ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ವೆನಿಲ್ಲಾ ಘಮ. ಹಸಿದ ಹೊಟ್ಟೆಗೆ ಅಮೃತವಾಗಬೇಕಿತ್ತು. ತಲೆ ತಗ್ಗಿಸಿಕೊಂಡು ಬೇಗ ಬೇಗ ತಿಂದೆ.

ಹೇಳಿಬಿಡು, ಈಗಲೇ ಹೇಳು ಎಂದು ಮನಸ್ಸು ಕುಟ್ಟುತ್ತಿತ್ತು. ಅನಿತಾಳ ಕೈಗೆ ಆಗಲೇ ಮದುವೆಯ ಮೆಹಂದಿಯ ಪ್ರಯೋಗ ನಡೆದಿತ್ತು, ಒಂದು ಬೆರಳು ಮಾತ್ರ ಕೆಂಪಾಗಿತ್ತು. ಹೇಳಿದರೆ ಈ ಹುಡುಗಿಗೆ ಉಳಿದ ಆರು ದಿನದಲ್ಲಿ ಇನ್ನೊಂದು ಸೀರೆ ಎಲ್ಲಿಂದ ಬರಬೇಕು? ಸೀರೆ ನೋಡಲು ಚೆನ್ನಾಗಿಯೇ ಇದೆಯಲ್ಲ? ಗೊತ್ತಾಗದಿದ್ದರೆ ನೋವೂ ಇಲ್ಲವಲ್ಲ? ಹೀಗೆಲ್ಲ ನನ್ನ ತಲೆಯೇ ನನಗೆ ವಕೀಲಿ ಮಾಡಿತು. ಆದರೆ ನಿಜವಾದ ಕಾರಣ ಅದಲ್ಲ. ನನಗೆ ನಾಚಿಕೆಯಾಗುತ್ತಿತ್ತು. ಕೊರಳಲ್ಲಿ ಪದಕ ಹಾಕಿಕೊಂಡು, ಅವರ ಅನ್ನ ಉಣ್ಣುತ್ತಾ, ನನ್ನ ದಾರ ಸುಳ್ಳು ಎನ್ನಲು ನನಗೆ ಧೈರ್ಯ ಸಾಲಲಿಲ್ಲ.

ಡಬ್ಬಿ ಖಾಲಿಯಾದ ಮೇಲೆ ಸುಭದ್ರಮ್ಮ ನನ್ನ ಮುಖವನ್ನೇ ನೋಡುತ್ತಾ, “ಅಣ್ಣಾ, ನಮಗೆ ಏನಾದರೂ ಹೇಳುವುದಿದೆಯಾ?” ಎಂದು ಕೇಳಿದರು.

ನಾನು ಟೀ ಲೋಟ ಕೆಳಗಿಟ್ಟು, “ಸೀರೆ ಮನೆಯಲ್ಲಿ ನೀರಿಗೆ ಹಾಕಬೇಡಿ. ನೆರಳಲ್ಲಿ ಗಾಳಿಗೆ ಹರಡಿ” ಎಂದೆ.

ಅವರು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಹುಷಾರಾಗಿ ಹೋಗಿಬನ್ನಿ ಎಂದು ನಮಸ್ಕಾರ ಮಾಡಿ ಹೊರಟರು.

ಬೆಂಗಳೂರಿಗೆ ಬಂದ ಮರುದಿನವೇ ಅಂಗಡಿಗೆ ಹೋದೆ. ಕಪಾಟುಗಳು ತುಂಬಿ ತುಳುಕುತ್ತಿದ್ದವು, ಎಲ್ಲದರ ಮೂಲೆಯಲ್ಲೂ ಹಸಿರು. ನಾಗರಾಜನ ಮುಂದೆ ಕೈ ಚಾಚಿ ನನ್ನ ಉಂಡೆ ಕೇಳಿದೆ.

“ಅದು ಮುಗ್ದೋಯ್ತು ಸೀನಣ್ಣ. ಅಟ್ಟದ ಮೇಲೆ ಪೆಟ್ಟಿಗೇಲಿದೆ, ಎಷ್ಟು ಬೇಕಾದ್ರೂ ತಗೊಳ್ಳಿ.”

ಹಿಡಿದುಕೊಂಡ ಕಾಲಿನಲ್ಲೇ ಏಣಿ ಹತ್ತಿದೆ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಸಾಲು ಸಾಲು ಹಸಿರು ಉಂಡೆಗಳು. ಮೇಲೆ ಅದು ಬಂದ ದಿನದ ಚೀಟಿ ಅಂಟಿತ್ತು. ಯುಗಾದಿಯ ವಾರ. ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಅವನು ನನ್ನ ಹುಟ್ಟಿದ ತಾರೀಕು ಕೇಳಿದ್ದ ಅದೇ ವಾರ. ಏಣಿಯ ಮೇಲೇ ಕುಳಿತುಬಿಟ್ಟೆ. ಆ ಬೆಳಗುಗಳು, ಮಲ್ಲೇಶ್ವರದ ಏರಿನಲ್ಲಿ ನನ್ನ ಬೆನ್ನು ತಟ್ಟಿದ್ದು, ಕೈ ಹಿಡಿದು ಗೆರೆ ದಾಟೋಣ ಎಂದದ್ದು, ಎಲ್ಲವೂ ಆಷಾಢದ ಹದಿನೈದು ದಿನ ನನ್ನನ್ನು ಆ ಹಾಸಿನಿಂದ ಎಬ್ಬಿಸುವುದಕ್ಕೇ? ಕೆಳಗಿಳಿದು ಬಂದು ಕೆಲಸ ಬಿಡುತ್ತೇನೆಂದೆ. ಅವನು ನಿಜವಾಗಿಯೂ ಬೆಚ್ಚಿದ. “ಇಷ್ಟಕ್ಕೆಲ್ಲ ಯಾರಾದ್ರೂ ಬಿಡ್ತಾರಾ?” ಎಂದ. ಅದು ಇಷ್ಟೇ ಎಂದು ಅವನಿಗೆ ಅನ್ನಿಸಿತ್ತಲ್ಲ, ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮುಂದಿನ ಭಾನುವಾರ ಗಾಂಧಿ ಬಜಾರಿಗೆ ಹೋದೆ. ಓಡಲಿಲ್ಲ, ಸುಮ್ಮನೆ ನಡೆದುಕೊಂಡು ಹೋಗಿ ದರ್ಶಿನಿಯ ಎದುರು ರಸ್ತೆಯಲ್ಲಿ, ಹೂವಿನ ಅಂಗಡಿಯ ಮರೆಯಲ್ಲಿ ನಿಂತೆ. ನಾಲ್ವರೂ ಇದ್ದರು. ಐದು ಲೋಟ ಕಾಫಿ ಮೇಜಿನ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ. ಒಬ್ಬರು ಕೈಗಡಿಯಾರ ನೋಡಿ ಏನೋ ಅಂದರು. ನಾಗರಾಜ ತಲೆ ಅಲ್ಲಾಡಿಸಿದ. ರಸ್ತೆಯ ತಿರುವನ್ನೇ ನೋಡುತ್ತಾ ನಿಂತಿದ್ದ, ಇಪ್ಪತ್ತು ನಿಮಿಷ. ನಾಟಕ ಆಡುತ್ತಿದ್ದಾನೆ ಎಂದುಕೊಳ್ಳಲು ನೋಡಿದೆ, ಆಗಲಿಲ್ಲ. ಅವನು ನಿಜವಾಗಿಯೂ ನನಗಾಗಿ ಕಾಯುತ್ತಿದ್ದ. ಬರೀ ಕಳ್ಳನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹೂವಿನವಳು ಏನು ಬೇಕೆಂದು ಕೇಳಿದಳು. ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಮನೆಗೆ ಬಂದೆ.

ಅಂದಿನಿಂದ ನಾನು ಓಡಿಲ್ಲ. ಪದಕ ಗಿರಿಜಾಳ ಬೀರುವಿನಲ್ಲಿದೆ. ಇಬ್ಬರೂ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇವೆ. ಬೀದಿಯ ಹೆಂಗಸರು ಬರುತ್ತಾರೆ, ಹೋಗುತ್ತಾರೆ, ದಿನ ಸಾಗುತ್ತದೆ. ಸಿಕ್ಕವರಿಗೆಲ್ಲ ನಾಗರಾಜ ನನಗೆ ಮಾಡಿದ ಮೋಸದ ಕಥೆ ಹೇಳಿದ್ದೇನೆ. ಮೂರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೋ, ಹೇಳಿ ಹೇಳಿ ಕಥೆ ನುಣ್ಣಗಾಗಿದೆ. ಸುಭದ್ರಮ್ಮನ ಹೆಸರು ಮಾತ್ರ ಅದರಲ್ಲಿ ಬರುವುದಿಲ್ಲ. ಅವರು ಪ್ರತಿ ಯುಗಾದಿಗೂ ಫೋನಿಗೆ ಶುಭಾಶಯ ಕಳಿಸುತ್ತಾರೆ, ನಾನೂ ಕೈ ಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೇನೆ.

ಹೋದ ವಾರ ಆ ಬೋರ್ಡು ನೋಡಿ ಮನೆಗೆ ಬಂದವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕಣ್ಣು ಮುಚ್ಚಿ ಕೊಳ್ಳಿ ಎಂದು ಅವನು ಊರಿಗೇ ಹೇಳುತ್ತಿದ್ದಾನೆ. ಅದನ್ನು ಆ ಹೆಂಗಸಿಗೆ ಮೊದಲು ಹೇಳಿದವನು ನಾನು. ಗಿರಿಜಾ ಅಡುಗೆಮನೆಯಲ್ಲಿದ್ದಳು. ಫೋನು ತೆಗೆದು, ತಿದ್ದಿ ತೀಡಿ, ಕೊನೆಗೆ ಇಷ್ಟು ಬರೆದೆ: ‘ಅಮ್ಮಾ, ನಾನು ಕೊಟ್ಟ ಆ ಮೂರು ಸೀರೆ ಕೈಮಗ್ಗದ್ದಲ್ಲ. ದಾರ ನಾನು ಕಟ್ಟಿದ್ದಲ್ಲ. ಓಟದ ಹಿಂದಿನ ದಿನವೇ ನನಗೆ ತಿಳಿದಿತ್ತು. ಕ್ಷಮಿಸಿ.’

ಒಂದು ಗಂಟೆಯ ಮೇಲೆ ಉತ್ತರ ಬಂತು.

‘ಗೊತ್ತು ಅಣ್ಣಾ. ಶನಿವಾರ ಸಂಜೆ ಮನೆಯಲ್ಲಿ ಅಂಚು ಸವರಿ ನೋಡಿದೆವು, ನೀವು ಕಲಿಸಿದ ಹಾಗೆಯೇ. ನನಗೆ ಬಹಳ ಸಿಟ್ಟು ಬಂದಿತ್ತು. ಆ ಮನುಷ್ಯನಿಗೆ ಗೊತ್ತಿರಲಾರದು, ಗೊತ್ತಾಗಿದ್ದರೆ ನಾಳೆ ತಾವೇ ಹೇಳುತ್ತಾರೆ, ಹೋಗಿ ಕಾಯೋಣ ಎಂದವಳು ಅನಿತಾ. ಅದಕ್ಕೇ ಬಂದಿದ್ದೆವು.’

ಫೋನನ್ನು ಗಿರಿಜಾಳ ಕೈಗೆ ಕೊಟ್ಟೆ. ಅವಳು ಸೌಟು ಕೆಳಗಿಟ್ಟು ಎರಡು ಸಲ ಓದಿದಳು. ನಾನು ಈವರೆಗೆ ಅವಳಿಗೂ ಹೇಳದಿದ್ದ ವಿಷಯ ಅದು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

“ಆ ಹುಡುಗಿ ಮದುವೇಲಿ ಯಾವ ಸೀರೆ ಉಟ್ಲಂತೆ? ಕೇಳಿ” ಎಂದಳು.

ಕೇಳಿದೆ. ಈ ಸಲ ಉತ್ತರ ತಕ್ಷಣ ಬಂತು.

‘ಅದನ್ನೇ ಉಟ್ಟಳು. ದಾರ ಮಾತ್ರ ಕತ್ತರಿಸಿ ತೆಗೆದೆವು.’